ಶಾಲೆಗೆ ರಜೆ, ಹಸಿವಿಗೆ ಎಲ್ಲಿಯ ರಜೆ?

ಶಾಲೆಗಳು ವರ್ಷವಿಡೀ ತೆರೆದಿರಬೇಕೇ ಎಂಬ ಪ್ರಶ್ನೆ ಈ ನಾಡಿಗೆ ಹೊಸದಲ್ಲ. ಆದರೆ ಅದು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಬೇಸಿಗೆಯ ದೀರ್ಘ ರಜೆಯನ್ನು ರದ್ದುಗೊಳಿಸಿ, ಅದನ್ನು ವರ್ಷದುದ್ದಕ್ಕೂ ಸಣ್ಣ ಸಣ್ಣ ವಿರಾಮಗಳಾಗಿ ಹಂಚಿಬಿಡಬೇಕು, ಆಗ ಮಕ್ಕಳು ಕಲಿತದ್ದನ್ನು ಮರೆಯುವುದಿಲ್ಲ ಎಂಬುದು ಈ ವಾದದ ಸಾರ. ನೆರೆಯ ಕೇರಳದಲ್ಲಿ ಶಿಕ್ಷಣ ಸಚಿವರಾಗಿ ವಿ. ಶಿವನ್‌ಕುಟ್ಟಿಯವರು 2025ರ ಜುಲೈ ಕೊನೆಯಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಪ್ರಶ್ನೆಯನ್ನು ಸಾರ್ವಜನಿಕ ಚರ್ಚೆಗೆ ಬಿಟ್ಟರು. ಎಪ್ರಿಲ್-ಮೇ ತಿಂಗಳ ರಜೆಯನ್ನು ಮಳೆಗಾಲದ ಜೂನ್-ಜುಲೈಗೆ ಬದಲಾಯಿಸಬಾರದೇಕೆ ಎಂದು ಅವರು ಕೇಳಿದರು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಬೇಕೆಂಬ ಕಾರಣಕ್ಕೆ ಸರಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರ ವರೆಗೆ ವಿಸ್ತರಿಸಲಾಯಿತು. ಒಂದೆಡೆ ರಜೆಯನ್ನು ಕಡಿತಗೊಳಿಸುವ ಮಾತು, ಇನ್ನೊಂದೆಡೆ ರಜೆಯನ್ನು ಹಿಗ್ಗಿಸುವ ಆದೇಶ. ಈ ಎರಡರ ನಡುವೆ ಮಗುವಿನ ಹಿತ ಎಲ್ಲಿದೆ ಎಂಬುದನ್ನು ಶಾಂತವಾಗಿ ಪರಿಶೀಲಿಸುವ ಅಗತ್ಯವಿದೆ.

ಮೊದಲು ನಮ್ಮ ಶಾಲೆಗಳ ವೇಳಾಪಟ್ಟಿಯನ್ನು ನೋಡೋಣ. 2025ರಲ್ಲಿ ರಾಜ್ಯದ ಶಾಲೆಗಳಿಗೆ ಎಪ್ರಿಲ್ 11ರಿಂದ ಮೇ 28ರ ವರೆಗೆ ಬೇಸಿಗೆ ರಜೆಯಿತ್ತು. ಅಂದರೆ 48 ದಿನ. ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರ ವರೆಗೆ ದಸರಾ ರಜೆ ನಿಗದಿಯಾಗಿತ್ತು. ಅಂದರೆ 18 ದಿನ. ಸಮೀಕ್ಷೆಯ ಕಾರಣದಿಂದ ಅದು ಸರಕಾರಿ ಶಾಲೆಯ ಮಗುವಿಗೆ 29 ದಿನವಾಯಿತು, ಖಾಸಗಿ ಶಾಲೆಯ ಮಗುವಿಗೆ ಆಗಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಐದನೆಯ ತರಗತಿಯ ವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಹಾಗೂ 800 ಗಂಟೆ, ಆರರಿಂದ ಎಂಟನೆಯ ತರಗತಿಯ ವರೆಗೆ 220 ದಿನ ಹಾಗೂ 1000 ಗಂಟೆಗಳ ಬೋಧನೆಯನ್ನು ಕಡ್ಡಾಯಗೊಳಿಸಿದೆ. ಈ ಲೆಕ್ಕ ಕಾಗದದಲ್ಲಿ ಸಾಮಾನ್ಯವಾಗಿ ಸರಿಹೊಂದುತ್ತದೆ. ತರಗತಿಯ ಕೋಣೆಯೊಳಗೆ ಸರಿಹೊಂದುತ್ತದೆಯೇ ಎಂಬುದೇ ಪ್ರಶ್ನೆ.

ವರ್ಷವಿಡೀ ಶಾಲೆ ಎಂಬ ಕಲ್ಪನೆ ಹೆಚ್ಚು ಪ್ರಯೋಗಕ್ಕೊಳಗಾದುದು ಅಮೇರಿಕದಲ್ಲಿ. ಅಲ್ಲಿನ ಇಂಡಿಯಾನಾ ರಾಜ್ಯದ ಬ್ಲಫ್ಟನ್ ಎಂಬ ಊರಿನಲ್ಲಿ 1904ರಲ್ಲೇ ಇಂತಹ ಒಂದು ಪ್ರಯತ್ನ ನಡೆದಿತ್ತು. ಮುಂದೆ 1960ರ ದಶಕದ ಕೊನೆಯ ಹೊತ್ತಿಗೆ, 45 ದಿನ ಪಾಠ, 15 ದಿನ ವಿರಾಮ ಎಂಬ ಕ್ರಮ ಪ್ರಸಿದ್ಧಿಗೆ ಬಂತು. ಒಂದು ವಿಷಯವನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಇಂತಹ ಶಾಲೆಗಳಲ್ಲಿ ಪಾಠದ ದಿನಗಳು ಸಾಮಾನ್ಯವಾಗಿ ಹೆಚ್ಚಾಗುವುದಿಲ್ಲ. ಅದೇ 180 ದಿನಗಳನ್ನು ಬೇರೆ ರೀತಿಯಲ್ಲಿ ಹಂಚಲಾಗುತ್ತದೆ, ಅಷ್ಟೇ. ವರ್ಷವಿಡೀ ಶಾಲೆ ಎಂದಾಕ್ಷಣ ವರ್ಷವಿಡೀ ಕಲಿಕೆ ಎಂದು ಭಾವಿಸುವುದು ತಪ್ಪು.

ಈ ವಾದಕ್ಕೆ ಆಧಾರವಾಗಿ ಹೇಳಲಾಗುವ ಅಧ್ಯಯನಗಳಿವೆ. 1996ರಲ್ಲಿ ಹ್ಯಾರಿಸ್ ಕೂಪರ್ ಮತ್ತು ಅವರ ಸಂಗಡಿಗರು ಅದುವರೆಗಿನ ಸಂಶೋಧನೆಗಳನ್ನು ಒಟ್ಟುಗೂಡಿಸಿ, ಬೇಸಿಗೆ ರಜೆಯಲ್ಲಿ ಮಕ್ಕಳು ಸುಮಾರು ಒಂದು ತಿಂಗಳ ಕಲಿಕೆಯನ್ನು ಕಳೆದುಕೊಳ್ಳುತ್ತಾರೆ ಎಂಬ ತೀರ್ಮಾನಕ್ಕೆ ಬಂದರು. ಬಾಲ್ಟಿಮೋರ್ ನಗರದ ಮಕ್ಕಳನ್ನು ಹಲವು ವರ್ಷ ಹಿಂಬಾಲಿಸಿದ ಕಾರ್ಲ್ ಅಲೆಕ್ಸಾಂಡರ್ ಮತ್ತು ಡೋರಿಸ್ ಎಂಟ್‌ವಿಸ್ಲ್ ಅವರ ತಂಡವು 2007ರಲ್ಲಿ ಇನ್ನೂ ಗಂಭೀರವಾದ ಮಾತನ್ನು ಹೇಳಿತು. ಒಂಬತ್ತನೆಯ ತರಗತಿಯ ಹೊತ್ತಿಗೆ ಬಡ ಮತ್ತು ಶ್ರೀಮಂತ ಮಕ್ಕಳ ನಡುವೆ ಕಾಣುವ ಅಂತರದಲ್ಲಿ ಸುಮಾರು ಮೂರನೆಯ ಎರಡು ಭಾಗಕ್ಕೆ ಪ್ರಾಥಮಿಕ ಶಾಲೆಯ ಬೇಸಿಗೆ ರಜೆಗಳಲ್ಲಿ ಉಂಟಾದ ವ್ಯತ್ಯಾಸವೇ ಕಾರಣ ಎಂಬುದು ಅವರ ಶೋಧನೆ. ಆದರೆ 2019ರಲ್ಲಿ ಪಾಲ್ ವಾನ್ ಹಿಪ್ಪೆಲ್ ಎಂಬ ಸಂಶೋಧಕರು ಈ ಲೆಕ್ಕಾಚಾರವನ್ನೇ ಪ್ರಶ್ನಿಸಿದರು. ಹಳೆಯ ಪರೀಕ್ಷೆಗಳಲ್ಲಿ ಅಂಕಗಳನ್ನು ಅಳೆಯುವ ವಿಧಾನದಲ್ಲೇ ದೋಷವಿತ್ತು, ಹೊಸ ವಿಧಾನದಲ್ಲಿ ಅಳೆದರೆ ಅಂತರ ಅಷ್ಟಾಗಿ ಹಿಗ್ಗುವುದು ಕಾಣುವುದಿಲ್ಲ ಎಂದರು. ಹಾಗೆಯೇ ಉತ್ತರ ಕೆರೊಲಿನಾದ ವೇಕ್ ಕೌಂಟಿಯಲ್ಲಿ 2007ರಲ್ಲಿ 22 ಶಾಲೆಗಳನ್ನು ವರ್ಷವಿಡೀ ವೇಳಾಪಟ್ಟಿಗೆ ಬದಲಾಯಿಸಿದ ಮೇಲೆ ನಡೆದ ಅಧ್ಯಯನವು, ಮಕ್ಕಳ ಸಾಧನೆಯಲ್ಲಿ ಗಮನಾರ್ಹ ಬದಲಾವಣೆಯೇನೂ ಆಗಿಲ್ಲವೆಂದು 2012ರಲ್ಲಿ ವರದಿ ಮಾಡಿತು.

ಇನ್ನು ಲಾಸ್ ಏಂಜಲೀಸ್ ನಗರದ ಅನುಭವವಂತೂ ನಮ್ಮಂತಹ ದೇಶಕ್ಕೆ ಎಚ್ಚರಿಕೆಯಾಗಬೇಕು. ಅಲ್ಲಿ ವರ್ಷವಿಡೀ ಶಾಲೆ ಬಂದುದು ಕಲಿಕೆಯ ಕಾಳಜಿಯಿಂದಲ್ಲ, ಕಟ್ಟಡದ ಕೊರತೆಯಿಂದ. ಮಕ್ಕಳನ್ನು ಮೂರು ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪು ರಜೆಯಲ್ಲಿದ್ದಾಗ ಇನ್ನೊಂದು ಗುಂಪಿಗೆ ಅದೇ ಕೋಣೆಯಲ್ಲಿ ಪಾಠ ಮಾಡಲಾಯಿತು. ಅದರಲ್ಲಿ ಒಂದು ಕ್ರಮದ ಪ್ರಕಾರ ಮಕ್ಕಳಿಗೆ ಸಿಕ್ಕಿದ್ದು 180ರ ಬದಲು 163 ದಿನಗಳ ಶಾಲೆ. ಈ ಇಕ್ಕಟ್ಟಿನ ಶಾಲೆಗಳಲ್ಲಿ ತುಂಬಿದ್ದವರು ಬಹುತೇಕ ಲ್ಯಾಟಿನೋ ಬಡವರ ಮಕ್ಕಳು. ಉಳ್ಳವರ ಬಡಾವಣೆಯ ಶಾಲೆಗಳು ಎಂದಿನಂತೆ ನಡೆದವು. ಕೊನೆಗೆ ವಿಲಿಯಮ್ಸ್ ಮೊಕದ್ದಮೆ ಎಂದು ಹೆಸರಾದ ದಾವೆಯಲ್ಲಿ 2004ರಲ್ಲಿ ಆದ ಒಪ್ಪಂದದ ಪ್ರಕಾರ ಆ ಕ್ರಮವನ್ನು 2012ರೊಳಗೆ ನಿಲ್ಲಿಸಬೇಕೆಂದು ತೀರ್ಮಾನವಾಯಿತು. ಸುಧಾರಣೆಯ ಹೆಸರಿನಲ್ಲಿ ಬಂದದ್ದು ಬಡವರ ಪಾಲಿಗೆ ಕಡಿತವಾಗಿ ಪರಿಣಮಿಸಿದ ಕಥೆಯಿದು. ಕೋಣೆಗಳ ಕೊರತೆಯಿರುವ ಸರಕಾರಗಳಿಗೆ ಇಂತಹ ಯೋಜನೆಗಳು ಯಾಕೆ ಪ್ರಿಯವಾಗುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ದೀರ್ಘ ರಜೆಯಿಂದ ಮಕ್ಕಳಿಗೆ ಹಾನಿಯೇ ಇಲ್ಲವೇ? ಇದೆ. ಶಾಲೆಯ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಕೊರೋನಾ ಕಾಲ ನಮಗೆ ಸ್ಪಷ್ಟವಾಗಿ ತೋರಿಸಿಕೊಟ್ಟಿದೆ. ಅಝೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯವು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ಸರಕಾರಿ ಶಾಲೆಗಳ ಎರಡರಿಂದ ಆರನೆಯ ತರಗತಿಯ 16,067 ಮಕ್ಕಳನ್ನು ಅಧ್ಯಯನಕ್ಕೆ ಒಳಪಡಿಸಿತ್ತು. ಅವರಲ್ಲಿ 92 ಶೇಕಡಾ ಮಕ್ಕಳು ಹಿಂದಿನ ವರ್ಷ ಗಳಿಸಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನಾದರೂ ಕಳೆದುಕೊಂಡಿದ್ದರು. ಗಣಿತದಲ್ಲಿ ಈ ಪ್ರಮಾಣ 82 ಶೇಕಡಾ. ನಮ್ಮ ಸರಕಾರವು 2022ರಲ್ಲಿ ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮವನ್ನು ರೂಪಿಸಿ, ಮೇ 16ರಂದೇ ಶಾಲೆಗಳನ್ನು ತೆರೆಯಬೇಕಾಗಿ ಬಂದುದು ಇದೇ ಕಾರಣಕ್ಕೆ. 48 ದಿನಗಳ ರಜೆಯನ್ನು ಕೊರೋನಾದ ಬೀಗಮುದ್ರೆಯೊಂದಿಗೆ ಹೋಲಿಸಲಾಗದು ನಿಜ. ಆದರೆ ಮನೆಯಲ್ಲಿ ಪುಸ್ತಕವಿಲ್ಲದ, ಓದಿಸುವವರಿಲ್ಲದ ಮಗುವಿನ ಪಾಲಿಗೆ ಎರಡರ ಸ್ವಭಾವ ಒಂದೇ.

ಇಲ್ಲಿಯೇ ನಾವು ಗಮನಿಸಬೇಕಾದ ಮುಖ್ಯ ಅಂಶವಿರುವುದು. ರಜೆ ಎಂಬುದು ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ಒಬ್ಬನಿಗೆ ಅದು ಈಜು, ಚಿತ್ರಕಲೆ, ಅಜ್ಜಿ ಮನೆ, ದುಬಾರಿ ಬೇಸಿಗೆ ಶಿಬಿರ. ಇನ್ನೊಬ್ಬನಿಗೆ ಅದು ಗ್ಯಾರೇಜಿನ ಗ್ರೀಸು, ಹೊಟೇಲಿನ ಎಂಜಲು ತಟ್ಟೆ, ಇಟ್ಟಿಗೆ ಗೂಡಿನ ಬಿಸಿ. ಹುಡುಗಿಯಾಗಿದ್ದರೆ ತಾಯಿಯ ಪಕ್ಕದಲ್ಲಿ ಕುಳಿತು ಬೀಡಿ ಸುರುಟುವುದು ಅಥವಾ ತಮ್ಮ ತಂಗಿಯರನ್ನು ನೋಡಿಕೊಳ್ಳುವುದು. ಮೇ ತಿಂಗಳಲ್ಲಿ ನಾಲ್ಕು ಕಾಸು ಸಂಪಾದಿಸಲೆಂದು ಹೋದ ಹುಡುಗ ಜೂನ್‌ನಲ್ಲಿ ಹಿಂತಿರುಗದಿರುವುದು ನಮ್ಮ ಮೊಹಲ್ಲಾಗಳಲ್ಲಿ ಅಪರೂಪದ ಘಟನೆಯೇನಲ್ಲ. ಮದುವೆಗಳ ಋತುವೂ ಇದೇ ಆಗಿರುವುದರಿಂದ, ಹೆಣ್ಮಕ್ಕಳ ಪಾಲಿಗೆ ರಜೆಯು ಕೆಲವೊಮ್ಮೆ ಓದಿನ ಅಂತ್ಯವೂ ಆಗಿಬಿಡುತ್ತದೆ.

ದುರಂತವೆಂದರೆ, ನಮ್ಮ ಕಾನೂನುಗಳೇ ರಜೆಯ ದಿನಗಳಲ್ಲಿ ಮಗುವಿನ ಕೈಬಿಟ್ಟಿವೆ. ಬಾಲಕಾರ್ಮಿಕ ನಿಷೇಧ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯು 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸುತ್ತದೆ, ನಿಜ. ಆದರೆ ಅಪಾಯಕಾರಿಯಲ್ಲದ ಕುಟುಂಬದ ಕಸುಬಿನಲ್ಲಿ ಶಾಲಾ ಸಮಯದ ನಂತರ ಅಥವಾ ರಜಾ ದಿನಗಳಲ್ಲಿ ಸಹಾಯ ಮಾಡಬಹುದೆಂಬ ವಿನಾಯಿತಿಯನ್ನೂ ಅದು ನೀಡುತ್ತದೆ. ಕುಟುಂಬದ ಕಸುಬು ಯಾವುದು, ಯಾರದೋ ಗುತ್ತಿಗೆಯ ಕೆಲಸ ಮನೆಯೊಳಗೆ ಬಂದದ್ದು ಯಾವುದು ಎಂದು ಬಾಗಿಲು ತಟ್ಟಿ ವಿಚಾರಿಸುವವರು ಯಾರು? 2013ರ ಆಹಾರ ಭದ್ರತಾ ಕಾಯ್ದೆಯು ಎಂಟನೆಯ ತರಗತಿಯ ವರೆಗಿನ ಮಗುವಿಗೆ ದಿನಕ್ಕೊಂದು ಉಚಿತ ಊಟವನ್ನು ಹಕ್ಕಾಗಿ ಕೊಟ್ಟಿದೆ. ಆದರೆ ಶಾಲಾ ರಜಾ ದಿನಗಳನ್ನು ಹೊರತುಪಡಿಸಿ ಎಂಬ ಮಾತು ಅದರಲ್ಲೇ ಇದೆ. ಅಂದರೆ ಹಸಿವಿನ ವಿರುದ್ಧ ಮಾಡಿದ ಕಾನೂನು, ಹಸಿವಿಗೂ ಬೇಸಿಗೆ ರಜೆಯಿದೆ ಎಂದು ಭಾವಿಸಿದಂತಿದೆ.

ಬಿಸಿಯೂಟದ ಇತಿಹಾಸವನ್ನು ಇಲ್ಲಿ ಸ್ಮರಿಸಿಕೊಳ್ಳುವುದು ಸೂಕ್ತ. 2001ರ ನವೆಂಬರ್ 28ರಂದು ಸುಪ್ರೀಮ್ ಕೋರ್ಟು, ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ವರ್ಷಕ್ಕೆ ಕನಿಷ್ಠ 200 ದಿನ ಬೇಯಿಸಿದ ಊಟ ನೀಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ ಯೋಜನೆಯು 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಬಳಿಕ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಇಂದು ಅದು ಹತ್ತನೆಯ ತರಗತಿಯ ವರೆಗಿದೆ. 2013ರಲ್ಲಿ ಕ್ಷೀರ ಭಾಗ್ಯದ ಮೂಲಕ ಹಾಲು ಬಂತು. 2024ರ ಸೆಪ್ಟೆಂಬರ್‌ನಲ್ಲಿ ಅಝೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ನೀಡುವ ಏರ್ಪಾಡೂ ಆಯಿತು. ಇವೆಲ್ಲ ಶ್ಲಾಘನೀಯ. ಆದರೆ ವರ್ಷದಲ್ಲಿ 365 ದಿನಗಳಿವೆ. ಆರು ದಿನ ಮೊಟ್ಟೆ ತಿಂದು ತುಸು ಚೇತರಿಸಿಕೊಂಡ ಮಗುವಿನ ಮುಂದೆ ಎಪ್ರಿಲ್ 11ರಂದು ಖಾಲಿ ತಟ್ಟೆಯನ್ನಿಟ್ಟು, ಮೇ ಕೊನೆಯಲ್ಲಿ ಬಾ ಎನ್ನುವುದು ಯಾವ ಪೌಷ್ಟಿಕ ಶಾಸ್ತ್ರ? ಸುಪ್ರೀಮ್ ಕೋರ್ಟು 2004ರ ಎಪ್ರಿಲ್ 20ರಂದು, ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ನೀಡಬೇಕೆಂದು ಹೇಳಿದೆ. 2024ರ ಭೀಕರ ಬರದಲ್ಲಿ ನಮ್ಮ ಸರಕಾರ ಹಾಗೆ ಮಾಡಿಯೂ ಇದೆ. ಬರ ಬಂದಾಗ ಸಾಧ್ಯವಾಗುವುದು ಇತರ ವರ್ಷಗಳಲ್ಲಿ ಸಾಧ್ಯವಿಲ್ಲವೇಕೆ? ಮಳೆ ಸರಿಯಾಗಿ ಬಿದ್ದ ವರ್ಷ ಕೂಲಿಕಾರನ ಮನೆಯಲ್ಲಿ ಮಧ್ಯಾಹ್ನದ ಒಲೆ ತಾನಾಗಿ ಉರಿಯುತ್ತದೆಯೇ?

ವರ್ಷವಿಡೀ ಶಾಲೆ ತೆರೆದರೆ ಈ ಸಮಸ್ಯೆ ಬಗೆಹರಿಯಬಹುದಲ್ಲ ಎಂದು ಕೆಲವರು ವಾದಿಸಬಹುದು. ಅದು ಅಷ್ಟು ಸರಳವಲ್ಲ. ಕಲಬುರ್ಗಿ, ರಾಯಚೂರು, ಯಾದಗಿರಿಗಳಲ್ಲಿ ಎಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ದಾಟುತ್ತದೆ. ಅಲ್ಲಿನ ಸರಕಾರಿ ಕಛೇರಿಗಳೇ ಆ ತಿಂಗಳುಗಳಲ್ಲಿ ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತವೆ. ಫ್ಯಾನಿನ ಕೆಳಗೆ ಕುಳಿತ ಗುಮಾಸ್ತನಿಗೆ ತಡೆಯಲಾಗದ ಬಿಸಿಲನ್ನು ತಗಡಿನ ಮಾಡಿನ ಕೆಳಗೆ, ಕುಡಿಯುವ ನೀರೂ ಇಲ್ಲದೆ ಆರು ವರ್ಷದ ಮಗು ತಡೆದುಕೊಳ್ಳಬೇಕೇ? ಅದೇ ಹೊತ್ತಿಗೆ ಕರಾವಳಿ ಮತ್ತು ಕೊಡಗಿನ ಸಮಸ್ಯೆ ಬೇರೆ. ಅಲ್ಲಿ ಜೂನ್-ಜುಲೈಯಲ್ಲಿ ಮಳೆ ಸುರಿದಾಗ ಜಿಲ್ಲಾಧಿಕಾರಿಗಳು ರಾತ್ರಿಯೇ ರಜೆ ಘೋಷಿಸುತ್ತಾರೆ, ಆ ದಿನಗಳನ್ನು ಬಳಿಕ ಶನಿವಾರಗಳಲ್ಲಿ ತುಂಬಿಸಬೇಕಾಗುತ್ತದೆ. ಕಾಫಿ ತೋಟದ ಕೊಯ್ಲು, ಕಬ್ಬಿನ ಕಟಾವುಗಳಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳಂತೂ ಬೇಸಿಗೆಯಲ್ಲಿ ಅಲ್ಲ, ಶಾಲೆ ನಡೆಯುತ್ತಿರುವ ಚಳಿಗಾಲದಲ್ಲೇ ತರಗತಿಯಿಂದ ಕಣ್ಮರೆಯಾಗುತ್ತಾರೆ. ಬೀದರಿನಿಂದ ಮಂಗಳೂರಿನ ವರೆಗೆ ಒಂದೇ ಪಂಚಾಂಗವನ್ನು ಹೇರುವ ಪದ್ಧತಿ ಇಂದೂ ತಪ್ಪು, ಅದನ್ನು ವರ್ಷವಿಡೀ ಹಿಗ್ಗಿಸಿದರೂ ತಪ್ಪೇ.

ಕುತೂಹಲದ ಸಂಗತಿಯೆಂದರೆ, ಇದಕ್ಕೆ ಪರಿಹಾರ ಕಾನೂನಿನಲ್ಲೇ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 9ನೆಯ ಸೆಕ್ಷನ್ ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನು ಪಟ್ಟಿ ಮಾಡುವಾಗ, ಶೈಕ್ಷಣಿಕ ವೇಳಾಪಟ್ಟಿಯನ್ನು ನಿರ್ಧರಿಸುವುದನ್ನೂ ಅದರಲ್ಲಿ ಸೇರಿಸಿದೆ. ಅಂದರೆ ಯಾವ ತಿಂಗಳಲ್ಲಿ ಶಾಲೆ ಮುಚ್ಚಬೇಕು ಎಂಬುದನ್ನು ಬೆಂಗಳೂರಿನ ಸುತ್ತೋಲೆಯೊಂದೇ ತೀರ್ಮಾನಿಸಬೇಕಾಗಿಲ್ಲ. ಕನಿಷ್ಠ ದಿನಗಳ ಸಂಖ್ಯೆಯನ್ನು ರಾಜ್ಯ ಕಾಯ್ದುಕೊಳ್ಳಲಿ. ಅದರ ಹಂಚಿಕೆಯನ್ನು ಜಿಲ್ಲೆಗಳಿಗೆ ಬಿಟ್ಟುಕೊಡಲಿ. ಕರಾವಳಿ ತನ್ನ ಮಳೆಗೆ, ಕಲ್ಯಾಣ ಕರ್ನಾಟಕ ತನ್ನ ಬಿಸಿಲಿಗೆ ತಕ್ಕಂತೆ ವೇಳಾಪಟ್ಟಿ ಮಾಡಿಕೊಳ್ಳಲಿ.

ಇನ್ನೊಂದು ವಿಷಯ ಶಿಕ್ಷಕರದ್ದು. ದಿನಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕಿಂತ ಮೊದಲು ಇರುವ ದಿನಗಳು ಎಲ್ಲಿ ಸೋರಿಹೋಗುತ್ತಿವೆ ಎಂಬುದನ್ನು ನೋಡಬೇಕು. ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯ ಹೊರತು ಬೇರೆ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂದು ಅದೇ ಕಾಯ್ದೆಯ 27ನೆಯ ಸೆಕ್ಷನ್ ಹೇಳುತ್ತದೆ. ಆದರೆ ಸಮೀಕ್ಷೆ, ಮಾಹಿತಿ ತುಂಬುವಿಕೆ, ಯೋಜನೆಗಳ ಪ್ರಚಾರ ಎಂದು ಅವರ ಬೆನ್ನ ಮೇಲೆ ಹೊರೆ ಏರುತ್ತಲೇ ಇದೆ. 2025ರ ಸಮೀಕ್ಷೆಯು ಹಿಂದುಳಿದವರ ಸ್ಥಿತಿಗತಿಯನ್ನು ಅರಿಯಲು ಅಗತ್ಯವಾದುದೇ ಆಗಿತ್ತು. ಅದರ ಉದ್ದೇಶವನ್ನು ನಾವು ಬೆಂಬಲಿಸುತ್ತೇವೆ. ಆದರೆ ಹಿಂದುಳಿದವರನ್ನು ಎಣಿಸಲು ಹಿಂದುಳಿದವರ ಮಕ್ಕಳ ತರಗತಿಗಳನ್ನೇ ಮುಚ್ಚಬೇಕಾಗಿ ಬಂದುದರಲ್ಲಿರುವ ವಿಪರ್ಯಾಸವನ್ನು ಸರಕಾರ ಗಮನಿಸಬೇಕಿತ್ತು. ವಿದ್ಯಾವಂತ ನಿರುದ್ಯೋಗಿ ಯುವಕ ಯುವತಿಯರು ಈ ರಾಜ್ಯದಲ್ಲಿ ವಿರಳವೇನಲ್ಲ. ಅವರಿಗೆ ಗೌರವಧನ ಕೊಟ್ಟು ಈ ಕೆಲಸ ವಹಿಸಬಹುದಿತ್ತು. ಅತಿಥಿ ಶಿಕ್ಷಕರ ಮತ್ತು ಬಿಸಿಯೂಟದ ಅಡುಗೆಯವರ ಸ್ಥಿತಿಯೂ ಇಲ್ಲಿ ಪ್ರಸ್ತುತ. ಕೇಂದ್ರದ ನಿಯಮದ ಪ್ರಕಾರ ಅಡುಗೆಯವರಿಗೆ ಗೌರವಧನ ವರ್ಷಕ್ಕೆ 10 ತಿಂಗಳು ಮಾತ್ರ. ಉಳಿದೆರಡು ತಿಂಗಳು ಆ ತಾಯಂದಿರು ಏನು ತಿನ್ನಬೇಕೆಂಬುದು ಯಾವ ಕಡತದಲ್ಲೂ ಇಲ್ಲ. ರಜೆಯಲ್ಲಿ ಊಟ ಮುಂದುವರಿಯಬೇಕಾದರೆ ಅವರಿಗೆ 12 ತಿಂಗಳ ವೇತನ ಸಿಗಲೇಬೇಕು.

ಈ ಚರ್ಚೆಯಲ್ಲಿ ನಮ್ಮ ಸಮುದಾಯಕ್ಕೆ ಸಂಬಂಧಿಸಿದ ಮುಖವೊಂದಿದೆ. ಕೇರಳದಲ್ಲಿ 2025ರಲ್ಲಿ ಪ್ರೌಢ ಶಾಲೆಗಳ ಸಮಯವನ್ನು ಅರ್ಧ ಗಂಟೆ ಹೆಚ್ಚಿಸಿದಾಗ, ಮದ್ರಸಾ ತರಗತಿಗಳಿಗೆ ತೊಂದರೆಯಾಗುತ್ತದೆಂದು ಸಮಸ್ತ ಸಂಘಟನೆಯು ಆಕ್ಷೇಪವೆತ್ತಿತು. ನಮ್ಮ ಕರಾವಳಿಯಲ್ಲೂ ಮಕ್ಕಳು ಬೆಳಗ್ಗೆ ಮದ್ರಸಾಕ್ಕೆ ಹೋಗಿ, ಅಲ್ಲಿಂದ ಶಾಲೆಗೆ ಓಡುತ್ತಾರೆ. ವೇಳಾಪಟ್ಟಿ ಬದಲಾಗುವಾಗ ಆ ಮಕ್ಕಳ ಅನುಕೂಲವನ್ನು ಕೇಳುವುದು ಸರಕಾರದ ಧರ್ಮ. ಆದರೆ ಇಡೀ ಚರ್ಚೆಯನ್ನು ಈ ಒಂದು ಆಕ್ಷೇಪಕ್ಕೆ ಸೀಮಿತಗೊಳಿಸುವುದು ಬುದ್ಧಿವಂತಿಕೆಯಲ್ಲ. ರಮಝಾನ್ ತಿಂಗಳು ಚಾಂದ್ರಮಾನದ ಪ್ರಕಾರ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2019ರಲ್ಲಿ ಅದು ಬಹುತೇಕ ಬೇಸಿಗೆ ರಜೆಯಲ್ಲೇ ಇತ್ತು. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ ಎರಡು ಬಾರಿ ಆರಂಭವಾಗಲಿದೆ. ಋತುಗಳೊಂದಿಗೆ ನಿಲ್ಲದ ತಿಂಗಳನ್ನು ಋತುಗಳನ್ನು ಅನುಸರಿಸುವ ಶಾಲೆಯೊಂದಿಗೆ ಶಾಶ್ವತವಾಗಿ ಬೆಸೆಯಲಾಗದು. ಹೊಂದಾಣಿಕೆಗೆ ಸಿದ್ಧವಾಗಬೇಕಾದವರಲ್ಲಿ ನಮ್ಮ ಮದ್ರಸಾ ಆಡಳಿತ ಸಮಿತಿಗಳೂ ಸೇರಿವೆ.

ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆಯಿದೆ. ಆರರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ನಾಲ್ಕರಲ್ಲೊಬ್ಬರು ಒಂದೋ ಶಾಲೆಯ ಮೆಟ್ಟಿಲು ಹತ್ತಿಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದಾರೆ ಎಂದು ಸಾಚಾರ್ ಸಮಿತಿಯು 2006ರಲ್ಲಿ ಹೇಳಿತ್ತು. ಆ ಬಳಿಕ ಪರಿಸ್ಥಿತಿ ಸುಧಾರಿಸಿರಬಹುದು. ಆದರೆ ಆ ನಾಲ್ಕನೆಯ ಮಗುವನ್ನು ಶಾಲೆಯಿಂದ ಹೊರಗೆ ಸೆಳೆದ ಬಡತನ ಇನ್ನೂ ನಮ್ಮ ಓಣಿಗಳಲ್ಲೇ ವಾಸವಾಗಿದೆ. ಎಪ್ರಿಲ್-ಮೇಯಲ್ಲಿ ಆ ಮಗುವಿಗಾಗಿ ನಮ್ಮ ಜಮಾಅತ್‌ಗಳು ಏನು ಮಾಡುತ್ತಿವೆ? ಲಕ್ಷಾಂತರ ರೂಪಾಯಿ ವೆಚ್ಚದಲ್ಲಿ ಕಟ್ಟಿದ ಮಸೀದಿಯ ಸಭಾಂಗಣಗಳು ಮತ್ತು ಮದ್ರಸಾ ಕೋಣೆಗಳು ದಿನದ ಬಹುಪಾಲು ಬೀಗ ಹಾಕಿಕೊಂಡಿರುತ್ತವೆ. ಅಲ್ಲಿ ನೆರಳಿದೆ, ಫ್ಯಾನಿದೆ, ನೀರಿದೆ. ಅಲ್ಲಿ ಎರಡು ಗಂಟೆಯ ಓದುವ ಕೋಣೆಯನ್ನು ತೆರೆಯಲು, ನೆರೆಯ ಎಲ್ಲ ಧರ್ಮಗಳ ಮಕ್ಕಳನ್ನೂ ಅದಕ್ಕೆ ಕರೆಯಲು, ಪದವಿ ಓದುತ್ತಿರುವ ನಮ್ಮ ಹೆಣ್ಮಕ್ಕಳಿಗೆ ಅದರ ಹೊಣೆ ವಹಿಸಲು ಯಾವ ಸರಕಾರದ ಅನುಮತಿಯೂ ಬೇಕಾಗಿಲ್ಲ. ಮದುವೆಯ ಔತಣದಲ್ಲಿ ಚೆಲ್ಲಿಹೋಗುವ ಅನ್ನದ ಬೆಲೆಯಲ್ಲಿ ಒಂದು ಮೊಹಲ್ಲಾದ ಮಕ್ಕಳಿಗೆ ಇಡೀ ರಜೆಯಲ್ಲಿ ಊಟ ಹಾಕಬಹುದು. ಗ್ಯಾರೇಜಿಗೆ ಹೋಗುವ ಹುಡುಗ ಜೂನ್‌ನಲ್ಲಿ ಶಾಲೆಗೆ ಮರಳಿದನೇ ಎಂದು ವಿಚಾರಿಸುವ ಹೊಣೆಯನ್ನು ಪ್ರತಿ ಜಮಾಅತ್ ಇಬ್ಬರು ಸದಸ್ಯರಿಗೆ ವಹಿಸಿದರೂ ಸಾಕು, ದೊಡ್ಡ ಬದಲಾವಣೆ ಸಾಧ್ಯ.

ಸರಕಾರದ ಬಳಿಯೂ ಇದಕ್ಕೆ ಬೇಕಾದ ವ್ಯವಸ್ಥೆಯಿದೆ. ಗ್ರಾಮ ಪಂಚಾಯತ್ ಗ್ರಂಥಾಲಯಗಳನ್ನು ಅರಿವು ಕೇಂದ್ರಗಳೆಂದು ಪರಿವರ್ತಿಸಲಾಗಿದೆ. 2020ರಲ್ಲಿ ಆರಂಭವಾದ ಓದುವ ಬೆಳಕು ಕಾರ್ಯಕ್ರಮದ ಮೂಲಕ ಮಕ್ಕಳನ್ನು ಅಲ್ಲಿಗೆ ಕರೆತರುವ ಪ್ರಯತ್ನ ನಡೆದಿದೆ. ಬೇಸಿಗೆಯ ಬೆಳಗ್ಗೆ ಅಲ್ಲಿ ಕಥೆ, ಆಟ, ಓದು. ಬಿಸಿಲೇರುವ ಮೊದಲು ಪಕ್ಕದ ಶಾಲೆಯ ಅಡುಗೆ ಕೋಣೆಯಲ್ಲಿ ಊಟ. ಊಟಕ್ಕೆ ಬಾ ಎಂದು ಮಾತ್ರ ಕರೆದರೆ ಮಗುವಿಗೂ ಹೆತ್ತವರಿಗೂ ಸಂಕೋಚವಾಗುತ್ತದೆ. ಓದಲು, ಆಡಲು ಬಾ ಎಂದು ಕರೆದು ಜೊತೆಗೆ ಊಟ ಬಡಿಸಿದರೆ ಆ ಸಂಕೋಚವಿರುವುದಿಲ್ಲ. ಇದಕ್ಕೆ ಶಾಲಾ ವೇಳಾಪಟ್ಟಿಯ ಒಂದು ದಿನವನ್ನೂ ಬದಲಾಯಿಸಬೇಕಾಗಿಲ್ಲ.

ಆದ್ದರಿಂದ ವರ್ಷವಿಡೀ ಶಾಲೆ ಎಂಬ ಒಂದೇ ಅಳತೆಯ ಅಂಗಿಯನ್ನು ಈ ರಾಜ್ಯಕ್ಕೆ ತೊಡಿಸುವುದನ್ನು ನಾವು ಒಪ್ಪುವುದಿಲ್ಲ. ಮಗುವಿಗೆ ಆಟ ಬೇಕು, ಅಜ್ಜಿಯ ಮನೆ ಬೇಕು, ಪುಸ್ತಕವಿಲ್ಲದ ಮಧ್ಯಾಹ್ನಗಳೂ ಬೇಕು. ಶಿಕ್ಷಕನಿಗೂ ವಿಶ್ರಾಂತಿ ಬೇಕು. ಅವೆಲ್ಲ ಉಳಿಯಲಿ. ಆದರೆ ಶಾಲೆಯ ಬೀಗದೊಂದಿಗೆ ಊಟ, ಪುಸ್ತಕ ಮತ್ತು ರಕ್ಷಣೆಗಳಿಗೂ ಬೀಗ ಬೀಳುವ ಪದ್ಧತಿ ಕೊನೆಗೊಳ್ಳಬೇಕು. ಆಹಾರ ಭದ್ರತಾ ಕಾಯ್ದೆಯಲ್ಲಿರುವ ರಜಾ ದಿನಗಳ ವಿನಾಯಿತಿಯನ್ನು ತೆಗೆದುಹಾಕುವಂತೆ ರಾಜ್ಯ ಸರಕಾರವು ಕೇಂದ್ರವನ್ನು ಒತ್ತಾಯಿಸಲಿ. ಅದುವರೆಗೆ ತನ್ನ ಬೊಕ್ಕಸದಿಂದಲೇ ಕನಿಷ್ಠ ಹಿಂದುಳಿದ ತಾಲೂಕುಗಳಲ್ಲಿ ಬೇಸಿಗೆಯ ಊಟವನ್ನು ಆರಂಭಿಸಲಿ. ನಾವೂ ನಮ್ಮ ಮಸೀದಿ, ಮದ್ರಸಾಗಳ ಬೀಗ ತೆರೆಯೋಣ. ಮುಂದಿನ ಎಪ್ರಿಲ್ 11ಕ್ಕೆ ಮೊದಲು ಪ್ರತಿ ಜಮಾಅತ್ ತನ್ನ ವ್ಯಾಪ್ತಿಯ ಮಕ್ಕಳ ಪಟ್ಟಿಯೊಂದನ್ನು ಸಿದ್ಧಪಡಿಸಲಿ. ಜೂನ್ ತಿಂಗಳ ಹಾಜರಿ ಪುಸ್ತಕದಲ್ಲಿ ಆ ಪಟ್ಟಿಯ ಒಂದು ಹೆಸರೂ ಕಾಣೆಯಾಗದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದ್ದು.